ಒಂದೇ ಪಾತ್ರೆಯಲ್ಲಿ ರಾತ್ರಿಯೂಟ: ಕೋಳಿ ಮತ್ತು ಅನ್ನ ಎರಡೂ ಹದವಾಗಿ ಬೇಯಲು

ಕೋಳಿ ಮತ್ತು ಅಕ್ಕಿಯನ್ನು ಒಟ್ಟಿಗೆ ಬೇಯಿಸಿದಾಗ ಕೆಡುವುದು ಹೆಚ್ಚಾಗಿ ಮಸಾಲೆಯಲ್ಲಲ್ಲ, ನೀರಿನಲ್ಲಿ. ಅಕ್ಕಿಗೆ ನೀರು ಅಳೆದು ಹಾಕುತ್ತೇವೆ. ಕೋಳಿ ಬಿಡುವ ರಸ, ಟೊಮೆಟೊ ಬಿಡುವ ನೀರು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ಒಂದು ದಿನ ಅನ್ನ ಉದುರುದುರಾಗಿ, ಇನ್ನೊಂದು ದಿನ ಮುದ್ದೆಯಾಗಿ ಬರುವುದು ಅದಕ್ಕೇ. ಪಾತ್ರೆಯಲ್ಲಿ ಆಗಲೇ ಎಷ್ಟು ರಸವಿದೆ ಎಂದು ಅಳೆದ ನಂತರವೇ ನೀರು ಸೇರಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ನಾಲ್ವರಿಗೆ ಬೇಕಾದದ್ದು: ಮೂಳೆಯಿರುವ ಕೋಳಿ ತೊಡೆಯ ತುಂಡು 800 ಗ್ರಾಂ, ಉದ್ದ ಕಾಳಿನ ಅಕ್ಕಿ 300 ಗ್ರಾಂ, ಈರುಳ್ಳಿ 250 ಗ್ರಾಂ, ಟೊಮೆಟೊ 200 ಗ್ರಾಂ, ಬೆಳ್ಳುಳ್ಳಿ 5 ಎಸಳು, ಎಣ್ಣೆ 2 ದೊಡ್ಡ ಚಮಚ, ಜೀರಿಗೆ 1 ಚಮಚ, ಕುಟ್ಟಿದ ಕಾಳುಮೆಣಸು 1 ಚಮಚ, ಪಲಾವ್ ಎಲೆ 1, ಉಪ್ಪು. ಪಾತ್ರೆ ಅಗಲವಾಗಿ, ದಪ್ಪ ತಳದ್ದಾಗಿ ಇರಲಿ, 28 ಸೆಂ.ಮೀ. ಇದ್ದರೆ ಅನುಕೂಲ. ಮುಚ್ಚಳ ಬಿಗಿಯಾಗಿ ಕೂರಬೇಕು. ಎದೆ ಭಾಗದ ಮಾಂಸ ಈ ಅಡುಗೆಗೆ ಹೊಂದುವುದಿಲ್ಲ, ಅನ್ನ ಬೇಯುವಷ್ಟರಲ್ಲಿ ಅದು ಒಣಗಿ ನಾರಾಗುತ್ತದೆ. ತೊಡೆಯಲ್ಲಿ ಕೊಲಾಜೆನ್ ಎಂಬ ಬಿಗಿಯಾದ ಪ್ರೋಟೀನ್ ಹೆಚ್ಚು. ಅದು ನಿಧಾನವಾಗಿ ಕರಗಿದಷ್ಟೂ ಮಾಂಸ ಮೆತ್ತಗಾಗುತ್ತದೆ.

ಕೋಳಿಗೆ ಒಂದೂವರೆ ಚಮಚ ಉಪ್ಪು ಸವರಿ ಅರ್ಧ ಗಂಟೆಯಾದರೂ ಇಡಿ. ಬೆಳಿಗ್ಗೆಯೇ ಸವರಿ ಫ್ರಿಜ್‌ನಲ್ಲಿಟ್ಟರೆ ಉಪ್ಪು ಒಳಗಿನವರೆಗೂ ಇಳಿಯುತ್ತದೆ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಬ್ಯಾಕ್ಟೀರಿಯಾ ಅದರಿಂದ ಹೋಗುವುದಿಲ್ಲ, ಸಿಂಕ್ ಸುತ್ತ ಸಿಡಿಯುತ್ತದೆ ಅಷ್ಟೆ. ಒಲೆ ಹಚ್ಚುವ ಮುಂಚೆ ಅಕ್ಕಿ ತೊಳೆದು 20 ನಿಮಿಷ ನೆನೆಸಿ, ಜರಡಿಯಲ್ಲಿ ಬಸಿದಿಡಿ.

ಈಗ ಕೋಳಿಯ ತೇವವನ್ನು ಪೇಪರ್ ಟವೆಲ್‌ನಿಂದ ಪೂರ್ತಿ ಒರೆಸಿ. ಇದು ಚಿಕ್ಕ ಕೆಲಸದಂತೆ ಕಂಡರೂ ರುಚಿ ನಿಂತಿರುವುದು ಇದರ ಮೇಲೆ. ಮೇಲ್ಮೈ ಒದ್ದೆಯಾಗಿದ್ದರೆ ಆ ನೀರು ಆವಿಯಾಗುವ ತನಕ ಅಲ್ಲಿನ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕೆಂಬಣ್ಣ ಚೆನ್ನಾಗಿ ಹಿಡಿಯಲು 140 ಡಿಗ್ರಿಯ ಆಚೆ ಹೋಗಬೇಕು. ಎಣ್ಣೆ ಚೆನ್ನಾಗಿ ಕಾದ ಮೇಲೆ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಇಡಿ, ಚರ್ಮವಿದ್ದರೆ ಆ ಬದಿ ಕೆಳಗೆ. ಮಧ್ಯಮಕ್ಕಿಂತ ತುಸು ಜೋರಾದ ಉರಿಯಲ್ಲಿ 6 ನಿಮಿಷ ಮುಟ್ಟಲೇಬೇಡಿ. ಎತ್ತಲು ಹೋದಾಗ ತಳಕ್ಕೆ ಅಂಟಿಕೊಂಡರೆ ಇನ್ನೂ ಸಮಯ ಬೇಕೆಂದರ್ಥ. ಬಣ್ಣ ಬಂದ ತುಂಡು ತಾನಾಗಿ ಬಿಡುತ್ತದೆ. ತಿರುಗಿಸಿ 3 ನಿಮಿಷ ಹುರಿದು ತಟ್ಟೆಗೆ ತೆಗೆಯಿರಿ. ಚರ್ಮದ ಕೊಬ್ಬು ಕರಗಿ ಹೆಚ್ಚಾಗಿದ್ದರೆ 2 ಚಮಚದಷ್ಟು ಉಳಿಸಿ ಮಿಕ್ಕಿದ್ದನ್ನು ಬಸಿಯಿರಿ.

ಅದೇ ಪಾತ್ರೆಗೆ ಜೀರಿಗೆ, ಪಲಾವ್ ಎಲೆ, ತೆಳ್ಳಗೆ ಹೆಚ್ಚಿದ ಈರುಳ್ಳಿ ಮತ್ತು ಚಿಟಿಕೆ ಉಪ್ಪು ಹಾಕಿ. ಈರುಳ್ಳಿ ಬಿಡುವ ನೀರಿಗೆ ತಳದ ಕಂದು ಪದರ ಸಡಿಲವಾಗುತ್ತದೆ. ಮರದ ಸೌಟಿನಿಂದ ಅದನ್ನು ಕೆರೆದು ಸೇರಿಸಿಕೊಳ್ಳಿ, ಬಿಟ್ಟರೆ ಅದೇ ಮುಂದೆ ಸೀದು ಕಹಿಯಾಗುತ್ತದೆ. ಈರುಳ್ಳಿ ಹೊಂಬಣ್ಣಕ್ಕೆ ಬರಲು 10ರಿಂದ 12 ನಿಮಿಷ ಬೇಕು. ಜಜ್ಜಿದ ಬೆಳ್ಳುಳ್ಳಿ ಮತ್ತು ಮೆಣಸು ಹಾಕಿ ಒಂದು ನಿಮಿಷ ಬಾಡಿಸಿ, ಸಣ್ಣಗೆ ಹೆಚ್ಚಿದ ಟೊಮೆಟೊ ಸೇರಿಸಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಹುರಿಯಿರಿ.

ಕೋಳಿಯನ್ನು ತಟ್ಟೆಯಲ್ಲಿ ಸೇರಿದ ರಸದ ಸಮೇತ ವಾಪಸ್ ಹಾಕಿ, 100 ಮಿಲಿ ಬಿಸಿನೀರು ಸುರಿದು, ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿ. ಆಮೇಲೆ ಪಾತ್ರೆಯನ್ನು ಓರೆ ಮಾಡಿ, ತೆಳು ರಸವನ್ನೆಲ್ಲ ಸೌಟಿನಲ್ಲಿ ಅಳತೆಯ ಲೋಟಕ್ಕೆ ತೆಗೆಯಿರಿ. 120 ಮಿಲಿ ಬರಬಹುದು, 200 ಕೂಡ ಬರಬಹುದು. ಅದಕ್ಕೆ ಬಿಸಿನೀರು ಸೇರಿಸಿ ಒಟ್ಟು 420 ಮಿಲಿ ಮಾಡಿ, ಪಾತ್ರೆಗೆ ಸುರಿದು ಒಂದು ಚಮಚ ಉಪ್ಪು ಹಾಕಿ. ಈಗ ರುಚಿ ನೋಡಿದರೆ ನೀರು ತುಸು ಉಪ್ಪುಪ್ಪಾಗಿರಬೇಕು. ಸರಿಯಾಗಿದೆ ಅನ್ನಿಸಿದರೆ ಅನ್ನ ಸಪ್ಪೆಯಾಗುತ್ತದೆ.

ಕುದಿ ಬಂದ ಮೇಲೆ ಅಕ್ಕಿಯನ್ನು ಕೋಳಿಯ ಸುತ್ತ ಸಮನಾಗಿ ಹರಡಿ. ಪುನಃ ಕುದಿಯತೊಡಗಿದೊಡನೆ ಉರಿ ಅತಿ ಸಣ್ಣದು ಮಾಡಿ, ಮುಚ್ಚಿ, 14 ನಿಮಿಷ ಬಿಡಿ. ನಡುವೆ ಕೈಯಾಡಿಸಿದರೆ ಕಾಳು ಮುರಿದು ಗಂಜಿ ಬಿಡುತ್ತದೆ. ಮುಚ್ಚಳ ತೆಗೆದು ಇಣುಕಿದರೆ ಹಬೆ ಹೋಗಿ ಮೇಲಿನ ಅಕ್ಕಿ ಹಸಿಯಾಗಿ ಉಳಿಯುತ್ತದೆ. ಒಲೆ ಆರಿಸಿದ ನಂತರದ 10 ನಿಮಿಷವನ್ನೂ ಬೇಯುವ ಸಮಯವೆಂದೇ ಎಣಿಸಿ; ಮೇಲಿನ ಮತ್ತು ಕೆಳಗಿನ ಅನ್ನದ ತೇವ ಸಮವಾಗುವುದು ಆಗಲೇ.

ಥರ್ಮಾಮೀಟರ್ ಇದ್ದರೆ ಮೂಳೆಯ ಹತ್ತಿರ ಚುಚ್ಚಿ ನೋಡಿ. 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ, ಆದರೆ ತೊಡೆ ಮಾಂಸ ನಿಜವಾಗಿ ಮೃದುವಾಗುವುದು 80–85ರ ಆಸುಪಾಸಿನಲ್ಲಿ.

ಅನ್ನ ಗಟ್ಟಿಯಾಗಿದ್ದು ನೀರು ಇಂಗಿಹೋಗಿದ್ದರೆ ಮೂರು ದೊಡ್ಡ ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ 5 ನಿಮಿಷ ಸಣ್ಣ ಉರಿಯಲ್ಲಿಡಿ. ತಣ್ಣೀರು ಬೇಡ. ಒದ್ದೆಯಾಗಿದ್ದರೆ ಮುಚ್ಚಳ ತೆಗೆದು 3 ನಿಮಿಷ ಹಬೆ ಹೋಗಲು ಬಿಡಿ. ಒಲೆ ಆರಿಸಿ, ಪಾತ್ರೆ ಮತ್ತು ಮುಚ್ಚಳದ ನಡುವೆ ಒಣ ಬಟ್ಟೆ ಹಾಸಿ 10 ನಿಮಿಷ ಇಡಿ. ತಳ ಹಿಡಿದ ವಾಸನೆ ಬಂದರೆ ಕೆರೆಯದೆ ಮೇಲಿನದ್ದನ್ನಷ್ಟೇ ತಕ್ಷಣ ಬೇರೆ ಪಾತ್ರೆಗೆ ತೆಗೆಯಿರಿ.

ಎಂಟು ಜನಕ್ಕೆ ಮಾಡುವಾಗ ಉಳಿದೆಲ್ಲ ಎರಡರಷ್ಟಾಗಲಿ, ನೀರು ಮಾತ್ರ ಬೇಡ. ಅಕ್ಕಿ ಹೀರುವ ನೀರು ದುಪ್ಪಟ್ಟಾಗುತ್ತದೆ, ಆವಿಯಾಗಿ ಹೋಗುವುದು ಅಷ್ಟಾಗುವುದಿಲ್ಲ. 840 ಮಿಲಿ ಬದಲು 770ರಷ್ಟು ಸಾಕು. ಕೋಳಿಯನ್ನು ಎರಡು ಸಲವಾಗಿ ಹುರಿಯಿರಿ; ಒಟ್ಟಿಗೆ ತುಂಬಿದರೆ ಹುರಿಯುವ ಬದಲು ಬೇಯುತ್ತದೆ.

ಮಾಂಸ ಬೇಡವೆಂದರೆ 200 ಗ್ರಾಂ ಕಾಬೂಲಿ ಕಡಲೆಯನ್ನು ರಾತ್ರಿಯಿಡೀ ನೆನೆಸಿ, ಬೇರೆಯಾಗಿ ಪೂರ್ತಿ ಮೆತ್ತಗೆ ಬೇಯಿಸಿಕೊಳ್ಳಿ. ಟೊಮೆಟೊದ ಹುಳಿ ತಗುಲಿದ ಮೇಲೆ ಕಡಲೆ ಮೆತ್ತಗಾಗುವುದು ತೀರಾ ನಿಧಾನ. ಕಡಲೆ ಬೆಂದ ನೀರು ಚೆಲ್ಲದೆ, 420 ಮಿಲಿಯ ಲೆಕ್ಕದೊಳಗೇ ಬಳಸಿ. ಜೊತೆಗೆ 250 ಗ್ರಾಂ ಅಣಬೆಯನ್ನು ಜೋರು ಉರಿಯಲ್ಲಿ ಕೆಂಪಗೆ ಹುರಿದು ಹಾಕಿದರೆ ಕೋಳಿ ಕೊಡುವ ಗಾಢ ರುಚಿಯ ಕೊರತೆ ಕಾಣುವುದಿಲ್ಲ.

ಉಳಿದದ್ದನ್ನು ರಾತ್ರಿಯೆಲ್ಲ ಹೊರಗಿಡಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಬಿಡುವ ವಿಷ ಮರುದಿನ ಬಿಸಿ ಮಾಡಿದರೂ ಹೋಗದು. ಅಗಲವಾದ ಡಬ್ಬಿಯಲ್ಲಿ ತೆಳುವಾಗಿ ಹರಡಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಬೇಕಾದಷ್ಟನ್ನೇ ತೆಗೆದು, ನೀರು ಚಿಮುಕಿಸಿ, ಹಬೆಯಾಡುವಷ್ಟು ಬಿಸಿ ಮಾಡಿ.