ಗೈಡ್ ಕೊಳ್ಳುವ ಮುನ್ನ ನಿಮ್ಮ ಜಿಲ್ಲೆಯ ಪುಟ ತೆರೆದು ನೋಡಿ

ಮಂಡ್ಯ ಸೀಮೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಕಪಾಟಿಗೆ ಗೈಡು, ಕೈಪಿಡಿಗಳನ್ನು ಆರಿಸಿ ತರುವುದು ನನ್ನ ಕೆಲಸ. “ಅಣ್ಣ, ಎಫ್‌ಡಿಎಗೆ ಒಂದು ಒಳ್ಳೆ ಗೈಡ್ ಹೇಳಣ್ಣ” ಎನ್ನುವ, ಪ್ರಥಮ ದರ್ಜೆ ಸಹಾಯಕ ಹುದ್ದೆಯ ಪರೀಕ್ಷೆಗೆ ಓದುವ ಹುಡುಗರಿಗೆ ಬೇಕಾದದ್ದೇ ಬೇರೆ, ಭತ್ತಕ್ಕೆ ಗೊಬ್ಬರದ ಲೆಕ್ಕ ಕೇಳುವ ರೈತರಿಗೆ ಬೇಕಾದದ್ದೇ ಬೇರೆ. ರಂಗನತಿಟ್ಟು ಪಕ್ಷಿಧಾಮಕ್ಕೆ ಹೋಗುವ ಮಕ್ಕಳು, ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರುವವರು, ಎಸ್ಸೆಸ್ಸೆಲ್ಸಿ ಮಕ್ಕಳ ತಾಯಂದಿರು, ಎಲ್ಲರ ಅಗತ್ಯವೂ ಬೇರೆ ಬೇರೆ. ಆದರೆ ಪುಸ್ತಕ ಪರೀಕ್ಷಿಸುವ ರೀತಿ ಎಲ್ಲಕ್ಕೂ ಒಂದೇ: ನಮಗೆ ಚೆನ್ನಾಗಿ ಗೊತ್ತಿರುವ ಪುಟವನ್ನು ಮೊದಲು ಓದುವುದು. ಗೊತ್ತಿರುವುದನ್ನೇ ತಪ್ಪಾಗಿ ಬರೆದ ಪುಸ್ತಕವನ್ನು ಗೊತ್ತಿಲ್ಲದ ವಿಷಯಕ್ಕೆ ನಂಬುವುದು ಹೇಗೆ?

ಸಾಮಾನ್ಯ ಜ್ಞಾನದ ಗೈಡ್ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಮಂಡ್ಯದ ಪುಟ. ಕನ್ನಂಬಾಡಿ ಕಟ್ಟೆ ಯಾವ ಜಿಲ್ಲೆಯಲ್ಲಿದೆ ಎಂದು ಬರೆದಿದ್ದಾರೆ? ಮೈಸೂರು ಎಂದು ಬರೆದಿದ್ದರೆ ಅಲ್ಲೇ ಒಂದು ಗುರುತು ಹಾಕುತ್ತೇನೆ, ಅದು ಇರುವುದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ರಂಗನತಿಟ್ಟೂ ಅಷ್ಟೇ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಗರಿಷ್ಠ ಮಟ್ಟ 124.80 ಅಡಿ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಗಲು ಆರಂಭವಾದದ್ದು 1902ರಲ್ಲಿ. ಅಲ್ಲಿನ ಗಗನಚುಕ್ಕಿ ಜಲಪಾತ ಮಂಡ್ಯದ ಕಡೆಗೆ, ಭರಚುಕ್ಕಿ ಚಾಮರಾಜನಗರದ ಕಡೆಗೆ. ಈ ಐದಾರು ಸಂಗತಿಗಳಲ್ಲಿ ಎರಡು ತಪ್ಪಿದ್ದರೆ ಪುಸ್ತಕವನ್ನು ಅಲ್ಲೇ ಇಟ್ಟು ಬರುತ್ತೇನೆ. ಬೀದರಿನವರು ಬೀದರಿನ ಪುಟ ನೋಡಲಿ, ಕಾರವಾರದವರು ಕಾರವಾರದ್ದು ನೋಡಲಿ. ಹತ್ತು ನಿಮಿಷವೂ ಬೇಕಾಗುವುದಿಲ್ಲ.

ಆಮೇಲೆ ಪುಸ್ತಕದ ವಯಸ್ಸು. ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ವರ್ಷವನ್ನು ನಂಬಬೇಡಿ. ಶೀರ್ಷಿಕೆ ಪುಟದ ಹಿಂಬದಿ ನೋಡಿ. ‘ಮರುಮುದ್ರಣ’ ಎಂದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದು, ‘ಪರಿಷ್ಕೃತ’ ಎಂದರೆ ತಿದ್ದಿದ್ದು. ಕೆಲವು ಪುಸ್ತಕಗಳಲ್ಲಿ ಆರಂಭದ ಪ್ರಚಲಿತ ಘಟನೆಗಳ ಪುಟಗಳನ್ನು ಮಾತ್ರ ಹೊಸದಾಗಿ ಸೇರಿಸಿ ಒಳಗಿನ ಅಧ್ಯಾಯಗಳನ್ನು ಹಾಗೇ ಬಿಟ್ಟಿರುತ್ತಾರೆ. ಹಾಗಾಗಿ ಒಳಗಿನ ಅಧ್ಯಾಯಗಳಲ್ಲೇ ವಯಸ್ಸು ಹುಡುಕಬೇಕು. ಕರ್ನಾಟಕದಲ್ಲಿ 30 ಜಿಲ್ಲೆ ಎಂದಿದ್ದರೆ ಆ ಪುಟ 2021ರಲ್ಲಿ ವಿಜಯನಗರ ಜಿಲ್ಲೆ ಆಗುವ ಮೊದಲಿನದು. ರಾಜ್ಯಗಳು 28, ಕೇಂದ್ರಾಡಳಿತ ಪ್ರದೇಶಗಳು 8 ಎಂದಿಲ್ಲದಿದ್ದರೆ 2020ರ ಜನವರಿಗೂ ಹಿಂದಿನದು. ವಿಶ್ವ ಪರಂಪರೆಯ ಪಟ್ಟಿಯಲ್ಲಿ ಹಂಪಿ, ಪಟ್ಟದಕಲ್ಲು, ಪಶ್ಚಿಮಘಟ್ಟ ಇದ್ದು ಬೇಲೂರು, ಹಳೇಬೀಡು, ಸೋಮನಾಥಪುರ ಇಲ್ಲವೆಂದರೆ 2023ಕ್ಕೂ ಹಿಂದಿನದು. ರಾಜ್ಯದಲ್ಲಿ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ರಂಗನತಿಟ್ಟು ಒಂದೇ ಎಂದಿದ್ದರೆ 2024ಕ್ಕೂ ಹಿಂದಿನದು, ಆ ವರ್ಷ ಅಂಕಸಮುದ್ರ, ಅಘನಾಶಿನಿ, ಮಾಗಡಿ ಕೆರೆ ಸೇರಿ ನಾಲ್ಕಾದವು.

ಪೊಲೀಸ್ ಪರೀಕ್ಷೆಗೂ ಕಾನೂನಿಗೂ ಓದುವವರು ಇಲ್ಲಿ ಇನ್ನೂ ಹುಷಾರಾಗಿರಬೇಕು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಶಿಕ್ಷೆ ಹೇಳುವ ಕಲಂ 302 ಈಗ 103. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕಾಲು ಬೆಲೆಗೆ ಸಿಕ್ಕಿತೆಂದು ಹಳೆಯ ಗೈಡ್ ತಂದು ಕಲಂಗಳನ್ನು ಬಾಯಿಪಾಠ ಮಾಡಿದರೆ ಆ ಶ್ರಮವೆಲ್ಲ ನೀರುಪಾಲು. ಇತಿಹಾಸ, ವ್ಯಾಕರಣ, ಮಾನಸಿಕ ಸಾಮರ್ಥ್ಯದ ಪುಸ್ತಕಗಳನ್ನು ಮಾತ್ರ ಧೈರ್ಯವಾಗಿ ಸೆಕೆಂಡ್ ಹ್ಯಾಂಡ್ ತನ್ನಿ, ಅವು ಅಷ್ಟು ಬೇಗ ಹಳಸುವುದಿಲ್ಲ.

ಮೂರನೆಯದು ಕೀ ಉತ್ತರದ ಪರೀಕ್ಷೆ. ಲೆಕ್ಕದ ಅಧ್ಯಾಯ ತೆರೆದು ಹತ್ತು ಪ್ರಶ್ನೆಗಳನ್ನು ಕಾಗದದ ಮೇಲೆ ಬಿಡಿಸುತ್ತೇನೆ, ಪುಸ್ತಕದ ಮೊದಲ ಭಾಗದಿಂದ ಐದು, ಕೊನೆಯ ಭಾಗದಿಂದ ಐದು. ಕೊನೆಯ ಭಾಗವನ್ನು ಬಿಡಬಾರದು, ಏಕೆಂದರೆ ಕರಡು ತಿದ್ದುವವರ ಕಣ್ಣು ಸೋಲುವುದು ಅಲ್ಲೇ. ಒಂದು ಉತ್ತರ ತಪ್ಪಿದ್ದರೆ ಅಚ್ಚಿನ ತಪ್ಪೆಂದು ಬಿಡಬಹುದು. ಎರಡು ತಪ್ಪಿದರೆ ಸಾವಿರ ಪ್ರಶ್ನೆಯ ಪುಸ್ತಕದಲ್ಲಿ ಎಷ್ಟಿರಬಹುದು ಎಂದು ಯೋಚಿಸಿ. ಕಾಲಂಶ ಅಂಕ ಕಳೆಯುವ ಪರೀಕ್ಷೆಯಲ್ಲಿ ತಪ್ಪು ಉತ್ತರವನ್ನು ಸರಿಯೆಂದು ಗಟ್ಟಿ ಮಾಡಿಕೊಂಡವರಿಗೆ ಆಗುವುದು ಎರಡು ಪಟ್ಟು ನಷ್ಟ. ವಿವರಣೆಯಿಲ್ಲದೆ ಬರೀ ಎ, ಬಿ, ಸಿ, ಡಿ ಕೊಟ್ಟ ಕೀಲಿಗಿಂತ ಒಂದೊಂದು ಸಾಲಿನ ಕಾರಣ ಕೊಟ್ಟ ಪುಸ್ತಕ ಮೇಲು. ಕಾರಣ ಇದ್ದರೆ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ.

ಕೊಳ್ಳುವ ಕ್ರಮದಲ್ಲಿ ಬಹಳ ಮಂದಿ ಎಡವುತ್ತಾರೆ. ಮೊದಲು ಗೈಡ್, ಆಮೇಲೆ ಪಠ್ಯಕ್ರಮ, ಕೊನೆಗೆ ಹಳೆ ಪ್ರಶ್ನೆಪತ್ರಿಕೆ ಅನ್ನುವುದು ತಿರುಗುಮುರುಗು. ಹಳೆ ಪ್ರಶ್ನೆಪತ್ರಿಕೆ ಮೊದಲು ಬರಬೇಕು. ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪೂರ್ವಭಾವಿ ಪರೀಕ್ಷೆಯಲ್ಲಿ ಎರಡು ಪತ್ರಿಕೆ, ಒಂದೊಂದಕ್ಕೆ 100 ಪ್ರಶ್ನೆ, 200 ಅಂಕ. ಒಂದು ಹಳೆ ಪತ್ರಿಕೆ ಹಿಡಿದು, ನೀವು ಕೊಳ್ಳಬೇಕೆಂದಿರುವ ಗೈಡಿನಲ್ಲಿ ಅದರ ಎಷ್ಟು ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂದು ಇಪ್ಪತ್ತು ಪ್ರಶ್ನೆಯಷ್ಟಾದರೂ ಹುಡುಕಿ ನೋಡಿ. ಹತ್ತಕ್ಕಿಂತ ಕಡಿಮೆ ಸಿಕ್ಕರೆ ಆ ಗೈಡ್ ಎಷ್ಟೇ ದಪ್ಪವಿದ್ದರೂ ಬೇಡ. ಎಫ್‌ಡಿಎ, ಎಸ್‌ಡಿಎಗೆ ಓದುವವರು ಕಡ್ಡಾಯ ಕನ್ನಡವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. 150 ಅಂಕದ ಪತ್ರಿಕೆ, ಕನಿಷ್ಠ 50 ಬರಲೇಬೇಕು. ಅದಕ್ಕೆ ದಪ್ಪ ಗೈಡ್ ಬೇಕಿಲ್ಲ. ಒಂದು ಒಳ್ಳೆಯ ಶಾಲಾ ವ್ಯಾಕರಣ, ಸಂಕ್ಷೇಪ ಲೇಖನ ಮತ್ತು ಪತ್ರಲೇಖನದ ಅಭ್ಯಾಸವಿರುವ ತೆಳು ಪುಸ್ತಕ ಇದ್ದರೆ ಸಾಕು.

ಎಸ್ಸೆಸ್ಸೆಲ್ಸಿಗೆ ನಾನು ಗೈಡ್ ತರುವುದೇ ಕಡಿಮೆ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಠ್ಯ ಉಚಿತವಾಗಿ ಸಿಗುತ್ತದೆ, ಪರೀಕ್ಷಾ ಮಂಡಲಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತದೆ. ಇವುಗಳ ನೆರಳಚ್ಚು ತೆಗೆಸಿ ಫೈಲು ಮಾಡಿ ಇಟ್ಟರೆ ಗೈಡಿನ ಬೆಲೆಯ ಅರ್ಧಕ್ಕೆ ಮುಗಿಯುತ್ತದೆ. ಪಿಯುಸಿ ವಿಜ್ಞಾನದವರು ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಯ ಪುಸ್ತಕವನ್ನೂ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಪುಸ್ತಕವನ್ನೂ ಒಂದೇ ಎಂದುಕೊಳ್ಳಬಾರದು. ಕೆಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆಯುತ್ತಾರೆ. ಗೊತ್ತಿಲ್ಲದ ಪ್ರಶ್ನೆಯನ್ನು ಬಿಡಬೇಕೋ ಊಹಿಸಬೇಕೋ ಅನ್ನುವ ಅಭ್ಯಾಸವೇ ಎರಡಕ್ಕೂ ಬೇರೆ.

ಇಂಗ್ಲಿಷಿನಿಂದ ಅವಸರದಲ್ಲಿ ಕನ್ನಡಕ್ಕೆ ತಂದ ವಿಜ್ಞಾನದ ಗೈಡನ್ನು ಗುರುತಿಸಲು ವಿದ್ಯುತ್ತಿನ ಅಧ್ಯಾಯ ನೋಡಿ. ಪಠ್ಯದಲ್ಲಿ ‘ವಿದ್ಯುತ್ ಪ್ರವಾಹ’, ‘ರೋಧ’, ‘ವಿಭವಾಂತರ’ ಎಂದಿರುತ್ತದೆ. ಗೈಡಿನಲ್ಲಿ ಪ್ರವಾಹದ ಬದಲು ‘ಪ್ರಸ್ತುತ’ (ಇಂಗ್ಲಿಷಿನ ‘ಕರೆಂಟ್’ ಪದದ ಇನ್ನೊಂದು ಅರ್ಥ) ಎಂದಿದ್ದರೆ ಅದನ್ನು ತರ್ಜುಮೆ ಮಾಡಿದ್ದು ಯಂತ್ರ, ಯಾರೂ ತಿದ್ದಿಲ್ಲ. ‘ಶಕ್ತಿ’, ‘ಸಾಮರ್ಥ್ಯ’ ಎರಡನ್ನೂ ಬೆರೆಸಿದ್ದರೂ ಅಷ್ಟೇ. ಮಗು ಇಂಥ ಪದ ಕಲಿತು ಪರೀಕ್ಷೆಗೆ ಹೋದರೆ ಪ್ರಶ್ನೆಯೇ ಅರ್ಥವಾಗದೆ ಕೂರುತ್ತದೆ.

ಕೃಷಿ ಕೈಪಿಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ಬೆಳೆ. ಮೊದಲು ಔಷಧಿಯ ಪುಟ ತೆರೆಯಿರಿ. ಎಂಡೋಸಲ್ಫಾನ್ ಹೊಡೆಯಿರಿ ಎಂದಿದ್ದರೆ ಪುಸ್ತಕ 2011ಕ್ಕೂ ಹಿಂದಿನದು, ಆ ವರ್ಷ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಫೋರೇಟ್ ಗುಳಿಗೆ ಹಾಕಿ ಎಂದಿದ್ದರೆ ಹಳೆಯದೇ, 2020ರ ಡಿಸೆಂಬರ್ 31ರಿಂದ ಅದಕ್ಕೂ ನಿಷೇಧವಿದೆ. ರೇಷ್ಮೆ ಕೈಪಿಡಿಯಾದರೆ ಹಿಪ್ಪುನೇರಳೆಯ ತಳಿ ನೋಡಿ: ಎಂ-5 ಮಾತ್ರ ಇದ್ದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದ ವಿ-1 ಇಲ್ಲದಿದ್ದರೆ ಅದರ ಕಾಲ ಮುಗಿದಿದೆ. ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, 26ರಿಂದ 28 ಡಿಗ್ರಿ, ದೊಡ್ಡ ಹುಳಕ್ಕೆ 24-25 ಡಿಗ್ರಿ ಎಂದು ಹಂತ ಹಂತವಾಗಿ ಉಷ್ಣಾಂಶವನ್ನೂ ತೇವಾಂಶವನ್ನೂ ಕೊಟ್ಟಿರಬೇಕು. ಎಲ್ಲಕ್ಕೂ ಒಂದೇ ಅಂಕಿ ಕೊಟ್ಟ ಪುಸ್ತಕ ಮನೆಯಲ್ಲಿ ಹುಳು ಸಾಕಿದವರು ಬರೆದದ್ದಲ್ಲ.

ಆಮೇಲೆ ಅಳತೆ. ನಮ್ಮ ನಾಲೆ ಬಯಲಿನಲ್ಲಿ ಬಹಳ ಮಂದಿಗೆ ಇರುವುದು ಇಪ್ಪತ್ತು ಗುಂಟೆ, ಒಂದೆಕರೆ. ಪುಸ್ತಕದಲ್ಲಿ ಇರುವುದು ಹೆಕ್ಟೇರು. ಭತ್ತಕ್ಕೆ ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 100:50:50 ಕೆಜಿ ಎಂದು ಬರೆದಿದ್ದರೆ ಅದನ್ನು 100 ಕೆಜಿ ಯೂರಿಯಾ ಎಂದು ಓದುವವರಿದ್ದಾರೆ. ಅದು ಪೋಷಕಾಂಶದ ತೂಕ, ಗೊಬ್ಬರದ ತೂಕವಲ್ಲ. ಡಿಎಪಿ ಗೊಬ್ಬರದಲ್ಲಿ ರಂಜಕ ಶೇ 46, ಸಾರಜನಕ ಶೇ 18. 50 ಕೆಜಿ ರಂಜಕಕ್ಕೆ ಸುಮಾರು 109 ಕೆಜಿ ಡಿಎಪಿ ಬೇಕು, ಅದರ ಜೊತೆಯಲ್ಲೇ 20 ಕೆಜಿಯಷ್ಟು ಸಾರಜನಕ ಬಂದುಬಿಡುತ್ತದೆ. ಉಳಿದ 80 ಕೆಜಿಗೆ ಶೇ 46 ಸಾರಜನಕವಿರುವ ಯೂರಿಯಾ ಸುಮಾರು 175 ಕೆಜಿ. ಹೆಕ್ಟೇರಿಗೆ 2.47 ಎಕರೆ, ಭಾಗಿಸಿದರೆ ಎಕರೆಗೆ 44 ಕೆಜಿ ಡಿಎಪಿ, 71 ಕೆಜಿ ಯೂರಿಯಾ. ಯೂರಿಯಾ ಚೀಲ 45 ಕೆಜಿ, ಅಂದರೆ ಒಂದೂವರೆ ಚೀಲಕ್ಕೆ ಸ್ವಲ್ಪ ಮೇಲೆ, ಅದನ್ನೂ ಕಂತಿನಲ್ಲಿ ಕೊಡಬೇಕು. ಈ ಲೆಕ್ಕವನ್ನು ಎಕರೆಗೂ ಚೀಲಕ್ಕೂ ಇಳಿಸಿ ಕೊಟ್ಟಿರುವ ಕೈಪಿಡಿಯನ್ನೇ ತರುತ್ತೇನೆ. ಕೊಟ್ಟಿಲ್ಲದಿದ್ದರೂ ವಿಷಯ ಗಟ್ಟಿಯಿದ್ದರೆ, ಲೆಕ್ಕ ಮಾಡಿದ ಚೀಟಿಯನ್ನು ಆ ಪುಟಕ್ಕೆ ನಾನೇ ಅಂಟಿಸುತ್ತೇನೆ. ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿದ್ದವರು ಅದರ ಅಂಕಿಯನ್ನೇ ಹಿಡಿಯಬೇಕು, ಪುಸ್ತಕದ್ದನ್ನಲ್ಲ.

ಹಕ್ಕಿ ಪುಸ್ತಕದ ಪರೀಕ್ಷೆ ನನಗೆ ತುಂಬ ಇಷ್ಟದ್ದು. ನವಿಲು, ಮಿಂಚುಳ್ಳಿಯ ಪುಟ ನೋಡಬೇಡಿ, ಅವು ಎಲ್ಲ ಪುಸ್ತಕದಲ್ಲೂ ಚೆನ್ನಾಗಿರುತ್ತವೆ. ಬೆಳ್ಳಕ್ಕಿಯ ಪುಟ ತೆರೆಯಿರಿ. ಗದ್ದೆ ಉಳುವಾಗ ಟ್ರ್ಯಾಕ್ಟರ್ ಹಿಂದೆ ನಡೆಯುವ ಬಿಳಿ ಹಕ್ಕಿಗಳೆಲ್ಲ ಒಂದೇ ಅಲ್ಲ. ಚಿಕ್ಕ ಬೆಳ್ಳಕ್ಕಿಗೆ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಗೋವಕ್ಕಿಯ ಕೊಕ್ಕು ಗಿಡ್ಡ, ಹಳದಿ. ಮರಿ ಮಾಡುವ ಕಾಲದಲ್ಲಿ ತಲೆ ಮತ್ತು ಕತ್ತಿಗೆ ಹೊನ್ನಿನ ಬಣ್ಣ ಬರುತ್ತದೆ. ದೊಡ್ಡ ಬೆಳ್ಳಕ್ಕಿಯ ಬಾಯಿಯ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ, ಮಧ್ಯಮ ಬೆಳ್ಳಕ್ಕಿಯದು ಕಣ್ಣಿನ ಕೆಳಗೇ ನಿಲ್ಲುತ್ತದೆ. ನಾಲ್ಕನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಚಿತ್ರಿಸಿ ಈ ಗುರುತುಗಳನ್ನು ಹೇಳಿದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಬರೀ ಫೋಟೋ ಇರುವ ಪುಸ್ತಕಕ್ಕಿಂತ ಬರೆದ ಚಿತ್ರದ ಪುಸ್ತಕ ಕಲಿಯುವವರಿಗೆ ಒಳ್ಳೆಯದು. ಫೋಟೋದಲ್ಲಿ ಆ ಒಂದು ಹಕ್ಕಿ ಆ ಒಂದು ಬೆಳಕಿನಲ್ಲಿ ಕಂಡಂತೆ ಇರುತ್ತದೆ, ಚಿತ್ರದಲ್ಲಿ ಗುರುತು ಕಾಣುತ್ತದೆ. ಮರಿಯ ಚಿತ್ರ ಇದೆಯೇ ಎಂದೂ ನೋಡಿ. ಕೊಕ್ಕರೆ ಬೆಳ್ಳೂರಿನಲ್ಲಿ ಮಕ್ಕಳು ಬಣ್ಣದ ಕೊಕ್ಕರೆಯ ಕಂದು ಮರಿಯನ್ನು ಬೇರೆ ಹಕ್ಕಿಯೆಂದು ಬರೆದುಕೊಳ್ಳುವುದು ಈ ಚಿತ್ರ ಇಲ್ಲದಿರುವುದರಿಂದಲೇ. ಕನ್ನಡದ ಹೆಸರಿನ ಜೊತೆ ವೈಜ್ಞಾನಿಕ ಹೆಸರೂ ಇರಬೇಕು. ಹೆಜ್ಜಾರ್ಲೆ (ಪೆಲಿಕನ್) ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಬೇರೆ ಕಡೆ ಬೇರೆ ಹೆಸರಿರಬಹುದು.

ಸಂಗೀತದ ಪಾಠಪುಸ್ತಕಕ್ಕೆ ಎರಡು ಪರೀಕ್ಷೆ ಸಾಕು. ಧ್ರುವತಾಳದ ಅಲಂಕಾರದಲ್ಲಿ (ತಾಳಕ್ಕೆ ಕೂರಿಸಿದ ಸ್ವರಾಭ್ಯಾಸ) ಸ್ವರಗಳನ್ನು ಎಣಿಸಿ: ಸರಿಗಮ, ಗರಿ, ಸರಿಗರಿ, ಸರಿಗಮ, ಒಟ್ಟು 14 ಬರಬೇಕು, ತಾಳದ ಗೆರೆಗಳು ಸರಿಯಾದ ಜಾಗದಲ್ಲಿ ಬಿದ್ದಿರಬೇಕು. ಆಮೇಲೆ ಮಲಹರಿಯ ಗೀತೆ ತೆರೆಯಿರಿ. ಆ ರಾಗದಲ್ಲಿ ನಿಷಾದವೇ ಇಲ್ಲ, ಗಾಂಧಾರ ಬರುವುದು ಇಳಿಯುವಾಗ ಮಾತ್ರ. ಎಲ್ಲಾದರೂ ‘ನಿ’ ಕಂಡರೆ ಅಚ್ಚಿನ ತಪ್ಪು. ತಾರ ಸ್ಥಾಯಿಯ ಚುಕ್ಕೆಗಳು ಅಳಿಸಿಹೋದ ಮುದ್ರಣವಂತೂ ಬೇಡವೇ ಬೇಡ, ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವ ಮಗು ಮೇಲಿನ ಷಡ್ಜವನ್ನು ಕೆಳಗೆ ಹಾಡಿ ರೂಢಿ ಮಾಡಿಕೊಳ್ಳುತ್ತದೆ.

ಪ್ರವಾಸದ ಪುಸ್ತಕದಲ್ಲಿ ದಾರಿಯೊಂದನ್ನು ನೋಡುತ್ತೇನೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಬೈಪಾಸಿನ ಆಚೆ ಉಳಿದವು. ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಅದೇ ವರ್ಷದ ಆಗಸ್ಟಿನಿಂದ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಇದನ್ನು ಹೇಳದ ಪುಸ್ತಕ ಬೈಕಿನವರಿಗೆ ದಾರಿ ತಪ್ಪಿಸುತ್ತದೆ.

ಮೊಬೈಲಿನಲ್ಲಿ ಓದುವವರಿಗೆ ಒಂದು ಮಾತು. ಕನ್ನಡ ಪಿಡಿಎಫ್ ತೆರೆದು ಒಂದು ಪದವನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಕನ್ನಡವೇ ಬಂದರೆ ಯೂನಿಕೋಡ್, ಪದ ಹುಡುಕಬಹುದು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಹಳೆಯ ನುಡಿ, ಬರಹ ಫಾಂಟಿನದು. ಪದ ಹುಡುಕಲು ಆಗುವುದಿಲ್ಲ. ಆರುನೂರು ಪುಟದ ಅಂಥ ಪಿಡಿಎಫ್‌ಗಿಂತ ವಿಷಯಸೂಚಿ ಇರುವ ಅಚ್ಚಿನ ಪುಸ್ತಕವೇ ಬೇಗ ಕೆಲಸಕ್ಕೆ ಬರುತ್ತದೆ. ಅಚ್ಚಿನದಾದರೆ ನಡುವಿನ ಪುಟಕ್ಕೆ ತೆರೆದು ಮೇಜಿನ ಮೇಲೆ ಬಿಡಿ. ತಾನಾಗಿ ಮುಚ್ಚಿಕೊಂಡರೆ ಬರೀ ಗೋಂದಿನ ಬೈಂಡಿಂಗ್, ಹತ್ತು ಕೈ ದಾಟುವುದರೊಳಗೆ ಹಾಳೆ ಕಳಚುತ್ತವೆ. ಹೊಲಿಗೆ ಹಾಕಿದ್ದಕ್ಕೆ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚಾದರೂ ಅದನ್ನೇ ತನ್ನಿ.

ತಂದ ಪುಸ್ತಕದ ಒಳರಟ್ಟಿಗೆ ಒಂದು ತಿದ್ದುಪಡಿ ಚೀಟಿ ಅಂಟಿಸಿರುತ್ತೇನೆ. ಓದುವವರು ತಪ್ಪು ಕಂಡರೆ ಪುಟದ ಸಂಖ್ಯೆ, ಇರುವುದು, ಇರಬೇಕಾದದ್ದು, ಎಲ್ಲಿ ನೋಡಿ ತಿಳಿದದ್ದು, ಈ ನಾಲ್ಕನ್ನೂ ಅದರಲ್ಲಿ ಬರೆಯಬೇಕು. ಪುಟದ ಮೇಲೆ ಹೊಡೆದುಹಾಕಲು ಬಿಡುವುದಿಲ್ಲ, ತಿದ್ದಿದವರದ್ದೇ ತಪ್ಪಾಗಿರಲೂಬಹುದು. ತಿಂಗಳಿಗೊಮ್ಮೆ ಚೀಟಿಗಳನ್ನು ಪಠ್ಯಪುಸ್ತಕದ ಜೊತೆಗೋ ಅಧಿಕೃತ ಕೀ ಉತ್ತರದ ಜೊತೆಗೋ ತಾಳೆ ನೋಡಿ, ಸರಿಯಿದ್ದರೆ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತೇನೆ. ಚೀಟಿಯ ಎರಡೂ ಮಗ್ಗುಲು ತುಂಬಿದರೆ ಆ ಪುಸ್ತಕವನ್ನು ಕಪಾಟಿನಿಂದ ಇಳಿಸಿ, ಪಟ್ಟಿಯಲ್ಲಿ ಅದರ ಮುಂದೆ ‘ಹೊಸ ಆವೃತ್ತಿ ಬಂದರೆ ಮತ್ತೆ ಪರೀಕ್ಷಿಸಿ’ ಎಂದು ಬರೆದಿಡುತ್ತೇನೆ.