ತಪ್ಪು ಒಪ್ಪಿಕೊಂಡು ಆಮೇಲೆ ಇಲ್ಲ ಅಂದ ರಾಜಕಾರಣಿ: ಹಾಸನದಲ್ಲಿ ನಾನು ಜನರನ್ನು ಕೇಳಿದ್ದು ಹೀಗೆ

ನಾನು ಹಾಸನದ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಜನಾಭಿಪ್ರಾಯದ ಅಧ್ಯಾಯ ಬಂದಾಗಲೆಲ್ಲ ಮಕ್ಕಳು ಕೇಳುತ್ತಾರೆ: ಜನರ ಮನಸ್ಸಿನಲ್ಲಿ ಇರೋದನ್ನು ತಿಳಿಯೋದು ಹೇಗೆ ಮೇಡಂ? ಪುಸ್ತಕದಲ್ಲಿ ಪ್ರಶ್ನಾವಳಿ, ಮಾದರಿ ಅಂತೆಲ್ಲ ಇದೆ. ಅದನ್ನು ಓದಿಸಿ ಸುಮ್ಮನಾಗೋಕೆ ನನಗೆ ಮನಸ್ಸು ಬರಲಿಲ್ಲ. ನಾನೇ ಒಂದು ವಿಷಯ ಹಿಡಿದು ಹೊರಗೆ ಹೋಗಿ ಕೇಳಿದೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು, ಆಮೇಲೆ "ನಾನೇನೂ ಮಾಡಿಲ್ಲ" ಅನ್ನುವ ರಾಜಕಾರಣಿಯನ್ನು ಜನ ಹೇಗೆ ನೋಡುತ್ತಾರೆ ಅನ್ನೋದೇ ಆ ವಿಷಯ.

ನಮ್ಮ ಕಡೆಯ ಯಾರ ಹೆಸರನ್ನೂ ತೆಗೆದುಕೊಳ್ಳಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹಾಸನದಲ್ಲಿ ಒಬ್ಬ ರಾಜಕಾರಣಿಯ ಹೆಸರು ಹೇಳಿದರೆ ಸಾಕು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿರುತ್ತದೆ. ಆ ಉತ್ತರ ಪಕ್ಷದ್ದು, ಜಾತಿಯದ್ದು, ಯಾವ ಮನೆತನದ ಕಡೆ ಅನ್ನೋದರದ್ದು. ಕೇಳಿದ ವಿಷಯ ಅದರಲ್ಲಿ ಇರೋದೇ ಇಲ್ಲ. ಹಾಗಾಗಿ ದೂರದ ಪ್ರಕರಣ ಬೇಕಿತ್ತು. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಐಡಾಹೊ ರಾಜ್ಯದ ಸದಸ್ಯ, ಅಂದರೆ ಸೆನೆಟರ್, ಆಗಿದ್ದ ಲ್ಯಾರಿ ಕ್ರೇಗ್ ಅವರ ಪ್ರಕರಣ ಆರಿಸಿಕೊಂಡೆ.

ನಡೆದದ್ದು ಇಷ್ಟು. 2007ರ ಜೂನ್‌ನಲ್ಲಿ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ವಿಮಾನ ನಿಲ್ದಾಣದಲ್ಲಿ ಮಫ್ತಿಯಲ್ಲಿದ್ದ ಪೊಲೀಸ್ ಅಧಿಕಾರಿ ಅವರನ್ನು ಬಂಧಿಸಿದರು. ಆಗಸ್ಟ್‌ನಲ್ಲಿ ಅವರು ಅಸಭ್ಯ ವರ್ತನೆಯ ಸಣ್ಣ ಅಪರಾಧವನ್ನು ಒಪ್ಪಿಕೊಂಡರು. ಅದೂ ಕೋರ್ಟಿಗೆ ಹೋಗಿ ಅಲ್ಲ, ಅಂಚೆಯಲ್ಲಿ ಪತ್ರ ಕಳುಹಿಸಿ. ಅವರು ಸಹಿ ಹಾಕಿದ ಆ ಪತ್ರದಲ್ಲಿ "ನಾನು ನಿರಪರಾಧಿ ಅಂತ ಹೇಳಿಕೊಳ್ಳುತ್ತಿಲ್ಲ" ಎಂಬ ಅರ್ಥದ ಸಾಲೇ ಇತ್ತು. ದಂಡ, ಶುಲ್ಕ ಸೇರಿ 575 ಡಾಲರ್ ಕಟ್ಟಿದರು. ತಿಂಗಳ ಕೊನೆಗೆ ಸುದ್ದಿ ಹೊರಬಿತ್ತು. ಮರುದಿನವೇ ಅವರು ಪತ್ರಕರ್ತರ ಮುಂದೆ ನಿಂತು, ನಾನು ತಪ್ಪು ಮಾಡಿಲ್ಲ, ವಿಷಯ ಅಲ್ಲಿಗೇ ಮುಗಿಯಲಿ ಅಂತ ವಕೀಲರನ್ನು ಕೇಳದೆ ಒಪ್ಪಿಕೊಂಡುಬಿಟ್ಟೆ ಅಂದರು. ರಾಜೀನಾಮೆ ಕೊಡುತ್ತೇನೆ ಅಂತಲೂ ಹೇಳಿದರು, ಆಮೇಲೆ ಕೊಡಲಿಲ್ಲ. ತಪ್ಪೊಪ್ಪಿಗೆ ವಾಪಸ್ ಪಡೆಯಲು ಕೋರ್ಟಿಗೆ ಅರ್ಜಿ ಹಾಕಿದರು.

ಬಂಧನ ಆದದ್ದು ಗಂಡಸರ ಶೌಚಾಲಯದಲ್ಲಿ. ಸಲಿಂಗ ಸಂಬಂಧದ ಮಾತು ಸುದ್ದಿಯ ತುಂಬ ಹರಡಿತ್ತು. ಜನರಿಗೆ ಹೇಳುವಾಗ ನಾನು ಈ ವಿವರ ಬಿಟ್ಟೆ. "ಸಾರ್ವಜನಿಕ ಜಾಗದಲ್ಲಿ ಅಸಭ್ಯ ವರ್ತನೆ" ಅಂತಷ್ಟೇ ಹೇಳಿದೆ. ಅದನ್ನು ಸೇರಿಸಿದರೆ ಜನ ಆ ಮನುಷ್ಯ ಎಂಥವನು ಅಂತ ಮಾತಾಡಲು ಶುರು ಮಾಡುತ್ತಾರೆ. ಒಪ್ಪಿಕೊಂಡು ಇಲ್ಲ ಅಂದದ್ದು ಸರಿಯಾ ಅನ್ನೋದು ಮರೆತೇ ಹೋಗುತ್ತದೆ. ಪಕ್ಷದ ಹೆಸರನ್ನೂ ಹೇಳಲಿಲ್ಲ.

ಪ್ರಶ್ನೆ ಎರಡೇ ಇಟ್ಟುಕೊಂಡೆ. ಈ ಮನುಷ್ಯ ತಪ್ಪು ಮಾಡಿದ್ದಾನೆ ಅಂತ ನಿಮಗೆ ಅನ್ನಿಸುತ್ತಾ? ಇವನು ಅಧಿಕಾರದಲ್ಲಿ ಮುಂದುವರಿಯಬೇಕಾ? ಎರಡನ್ನೂ ಒಟ್ಟಿಗೆ ಕೇಳಲೇಬಾರದು ಅನ್ನೋದು ನನ್ನ ಹಟ. ಟಿವಿಯವರು ಮೈಕ್ ಹಿಡಿದು "ಇಂಥವರು ಇರಬೇಕಾ?" ಅಂತ ಕೇಳುತ್ತಾರಲ್ಲ, ಅದರಲ್ಲಿ ಎರಡೂ ಬೆರೆತುಹೋಗಿರುತ್ತವೆ. ಉತ್ತರ ಹೌದು ಅಂತ ಬಂದರೂ ಇಲ್ಲ ಅಂತ ಬಂದರೂ ನಮಗೆ ಏನೂ ತಿಳಿಯೋದಿಲ್ಲ. ಪ್ರತಿ ಉತ್ತರದ ಪಕ್ಕ "ಯಾಕೆ" ಅಂತ ಬರೆಯಲು ಜಾಸ್ತಿ ಜಾಗ ಬಿಟ್ಟಿದ್ದೆ.

ಕೇಳಲು ಹೋದದ್ದು ಎಪಿಎಂಸಿ ಯಾರ್ಡಿಗೆ. ಮೇ ತಿಂಗಳು. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಬಂದಿರುತ್ತದೆ, ಹಳ್ಳಿಗಳಿಂದ ರೈತರು ಬಂದು ಚೀಲದ ಮೇಲೆ ಕೂತು ಕಾಯುತ್ತಿರುತ್ತಾರೆ. ಅವರಿಗೆ ಮಾತಾಡಲು ಪುರುಸೊತ್ತಿರುತ್ತದೆ. ಐಡಾಹೊ ಅಮೆರಿಕದಲ್ಲಿ ಆಲೂಗಡ್ಡೆಗೇ ಹೆಸರಾದ ರಾಜ್ಯ ಅಂದಾಗ ಎಲ್ಲರೂ ಹತ್ತಿರ ಬಂದರು. ಅಲ್ಲಿ ಚೀಲಕ್ಕೆ ಎಷ್ಟು, ಅಂಗಮಾರಿ ರೋಗ ಅಲ್ಲೂ ಬರುತ್ತಾ ಅಂತೆಲ್ಲ ಆದ ಮೇಲೆಯೇ ಸೆನೆಟರ್ ವಿಷಯಕ್ಕೆ ಬಂದದ್ದು.

ಒಬ್ಬ ಹಿರಿಯರು ಒಂದೇ ಏಟಿಗೆ ಹೇಳಿದರು: "ಒಪ್ಕೊಂಡ ಅಂದ್ಮೇಲೆ ಮುಗೀತಲ್ಲವ್ವ. ಮಾಡಿದ್ದು ದೊಡ್ಡ ತಪ್ಪಲ್ಲ. ಸಹಿ ಹಾಕಿ ಆಮೇಲೆ ಇಲ್ಲ ಅಂದನಲ್ಲ, ಅದು ತಪ್ಪು." ಅಲ್ಲಿದ್ದ ಬಹಳ ಜನರ ಮಾತು ಇದೇ ದಾರಿಯಲ್ಲಿತ್ತು. ಮೊದಲ ಪ್ರಶ್ನೆಗೆ "ಯಾರಿಗೆ ಗೊತ್ತು" ಅಂದವರೂ ಎರಡನೆಯದಕ್ಕೆ "ಇಳೀಬೇಕು" ಅಂದರು. ಎರಡು ಪ್ರಶ್ನೆ ಬೇರೆ ಬೇರೆ ಇಟ್ಟದ್ದಕ್ಕೆ ಇದು ಕಂಡಿತು. ಜನ ಅಪರಾಧಕ್ಕೆ ತೀರ್ಪು ಕೊಡಲಿಲ್ಲ. ಕೊಟ್ಟ ಮಾತಿಗೆ ತೀರ್ಪು ಕೊಟ್ಟರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಜನಾಭಿಪ್ರಾಯ ಒಂದೇ ಕಡೆ ಇದೆ ಅಂತ ಬರೆಯಬೇಕಾಗುತ್ತಿತ್ತು. ಆದರೆ ಹೊಸ ಬಸ್ ನಿಲ್ದಾಣದ ಹತ್ತಿರ ಆಟೊ ನಿಲ್ಲಿಸಿಕೊಂಡಿದ್ದ ಒಬ್ಬರು ನಾನು ಕಥೆ ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಾನೂ ಒಪ್ಕೊಂಡಿದೀನಿ ಮೇಡಂ. ಸಿಗ್ನಲ್ ದಾಟಿದೆ ಅಂತ ಕೇಸ್ ಹಾಕಿದ್ರು. ನಾನು ದಾಟಿರಲಿಲ್ಲ. ಕೋರ್ಟಲ್ಲಿ ಹೌದು ಸ್ವಾಮಿ ಅಂದೆ, ದಂಡ ಕಟ್ಟಿದೆ, ಬಂದೆ. ಇಲ್ಲ ಅಂದಿದ್ರೆ ಎಷ್ಟು ಸಲ ಅಲೀಬೇಕಿತ್ತೋ. ಒಂದೊಂದು ಸಲಕ್ಕೂ ಒಂದು ದಿನದ ದುಡಿಮೆ ಹೋಗುತ್ತೆ."

ಹಾಗಾದರೆ ಸೆನೆಟರ್ ಹೇಳೋದನ್ನು ನೀವು ನಂಬುತ್ತೀರಾ ಅಂತ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದರು. "ಅವನಿಗೆ ಯಾವ ದುಡಿಮೆ ಹೋಗುತ್ತೆ? ಫೋನ್ ಮಾಡಿದ್ರೆ ಲಾಯರ್ ಮನೆಗೇ ಬರ್ತಾರೆ. ಕಾನೂನು ಮಾಡೋನು ಅವನೇ. ಓದದೆ ಸಹಿ ಹಾಕಿದೆ ಅಂದ್ರೆ ಹೆಂಗೆ?"

ಆ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಯಾಕೆಂದರೆ 2007ರ ಅಕ್ಟೋಬರ್‌ನಲ್ಲಿ ಅರ್ಜಿ ತಳ್ಳಿಹಾಕಿದ ಮಿನೆಸೋಟದ ನ್ಯಾಯಾಧೀಶರ ಕಾರಣವೂ ಹೆಚ್ಚುಕಮ್ಮಿ ಇದೇ. ಓದಿದ, ವೃತ್ತಿಯಿಂದಲೇ ರಾಜಕಾರಣಿಯಾದ ಮನುಷ್ಯ, ತಾನು ಏನು ಓದಿ ಏನಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ಇವರಿಗೆ ಗೊತ್ತಿತ್ತು ಅಂತ ಅವರು ಬರೆದರು. 2008ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ನಮ್ಮ ಆಟೊದವರು ಆ ತೀರ್ಪನ್ನು ಓದಿದವರಲ್ಲ. ಆದರೂ ಬಡವನ ಒಪ್ಪಿಗೆಗೂ ಬಲ್ಲವನ ಒಪ್ಪಿಗೆಗೂ ಇರುವ ವ್ಯತ್ಯಾಸವನ್ನು ನೇರ ಹೇಳಿದರು.

ಅಲ್ಲಿಂದ ಮುಂದೆ ಕೇಳಿದಲ್ಲೆಲ್ಲ ಒಂದು ಮಾತು ಸೇರಿಸಿದೆ: ನೀವು ಯಾವಾಗಲಾದರೂ ಕೋರ್ಟಿನಲ್ಲಿ ದಂಡ ಕಟ್ಟಿದ್ದೀರಾ? ಸಾಲಗಾಮೆ ರಸ್ತೆಯ ಅಂಗಡಿಗಳಲ್ಲಿ, ಸಕಲೇಶಪುರದ ಬಸ್ಸಿನಲ್ಲಿ, ಎಲ್ಲ ಕಡೆ. ಕಟ್ಟಿದವರು ಮೊದಲ ಪ್ರಶ್ನೆಯ ಮುಂದೆ ತಡೆದು ಯೋಚಿಸುತ್ತಿದ್ದರು. ಕೋರ್ಟಿನ ಮೆಟ್ಟಿಲು ಹತ್ತದವರು ಹಾಗೆ ತಡೆಯುತ್ತಿರಲಿಲ್ಲ. ಇದು ನಾನು ಮಾತಾಡಿಸಿದ ಕೆಲವರ ಮಾತು ಮಾತ್ರ, ಇಡೀ ಜಿಲ್ಲೆಯ ಲೆಕ್ಕ ಅಲ್ಲ. ಮಕ್ಕಳಿಗೂ ಹಾಗೇ ಹೇಳಿದ್ದೇನೆ.

ಇನ್ನೊಂದು ತೊಡಕಿತ್ತು. ಪೊಲೀಸರ ಮುಂದೆ ಒಪ್ಪಿಕೊಳ್ಳೋದು, ಕೋರ್ಟಿನಲ್ಲಿ ಒಪ್ಪಿಕೊಳ್ಳೋದು ಎರಡೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. "ಹೊಡೆದು ಒಪ್ಪಿಸಿರ್ತಾರೆ" ಅಂತ ಹೇಳಿ ಸೆನೆಟರ್ ಪರ ನಿಂತವರೂ ಇದ್ದರು. ಹಾಗಾಗಿ ಕಥೆಗೆ ಮೊದಲೇ ಎರಡು ಮಾತು ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ಮೇಲೆ ಸಾಕ್ಷಿಯಾಗಿ ಬಳಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಹಾಗೇ ಉಳಿದಿದೆ. ಕೋರ್ಟಿನಲ್ಲಿ ಒಪ್ಪಿಕೊಂಡರೆ ಬೇರೆ. ಅಲ್ಲೇ ಶಿಕ್ಷೆ ಆಗಬಹುದು, ಆಮೇಲೆ ಮೇಲ್ಮನವಿಗೆ ದಾರಿ ಬಹಳ ಕಿರಿದು. ಸಾಮಾನ್ಯವಾಗಿ ಶಿಕ್ಷೆ ಜಾಸ್ತಿ ಆಯ್ತು, ಇಲ್ಲವೇ ಕಾನೂನಿನಂತೆ ಇಲ್ಲ ಅಂತ ಮಾತ್ರ ಹೋಗಬಹುದು. ಸಣ್ಣ ಕೇಸುಗಳಲ್ಲಿ ಸಮನ್ಸ್ ಬಂದವರು ಅಂಚೆಯಲ್ಲೇ ಒಪ್ಪಿಗೆ ಪತ್ರ, ದಂಡದ ಹಣ ಕಳುಹಿಸಲು ನಮ್ಮ ಕಾನೂನಿನಲ್ಲೂ ಅವಕಾಶ ಇದೆ. ಇದನ್ನು ಕೇಳಿ ಎಷ್ಟೋ ಜನರಿಗೆ ಆಶ್ಚರ್ಯ.

"ಇಳೀಬೇಕು" ಅಂದವರು ಕೊನೆಗೆ ಕೇಳುತ್ತಿದ್ದದ್ದು ಒಂದೇ: ಇಳಿದನಾ? ಇಲ್ಲ. ಸೆನೆಟ್‌ನಿಂದ ಹೊರಹಾಕಲು ಮೂರರಲ್ಲಿ ಎರಡು ಪಾಲು ಮತ ಬೇಕು, ಅಷ್ಟು ದೂರ ವಿಷಯ ಹೋಗಲಿಲ್ಲ. ಸೆನೆಟ್‌ನ ನೀತಿ ಸಮಿತಿ 2008ರಲ್ಲಿ ಪತ್ರ ಬರೆದು ಛೀಮಾರಿ ಹಾಕಿತು. ಅವರು 2009ರ ಜನವರಿವರೆಗೆ ಅವಧಿ ಮುಗಿಸಿದರು, ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ನಮ್ಮಲ್ಲಾದರೂ ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆಯಾದರೆ ಶಾಸಕ, ಸಂಸದರ ಸ್ಥಾನ ಹೋಗುತ್ತದೆ. ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ತೀರ್ಪಿನ ನಂತರ ಮೇಲ್ಮನವಿ ಹಾಕಿದ ಮಾತ್ರಕ್ಕೆ ಅದು ಉಳಿಯೋದಿಲ್ಲ. ಕೆಲವು ಅಪರಾಧಗಳಿಗೆ ಕಡಿಮೆ ಶಿಕ್ಷೆಗೂ ಅನರ್ಹತೆ ಇದೆ. ಆದರೆ ಇಂಥ ಸಣ್ಣ ದಂಡದ ಕೇಸಿಗೆ ಇಲ್ಲೂ ಸ್ಥಾನ ಹೋಗುತ್ತಿರಲಿಲ್ಲ. ಹಾಗಾದರೆ ಉಳಿದದ್ದು ಮತದಾರನ ಕೈಯಲ್ಲೇ ಅಲ್ವಾ ಅಂದರು ಒಬ್ಬ ಹೆಣ್ಣುಮಗಳು.

ಈ ಸಲ ಮಕ್ಕಳು ತಾವೇ ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತೇವೆ ಅನ್ನುತ್ತಿದ್ದಾರೆ. ಹಳೆಯ ಎರಡು ಪ್ರಶ್ನೆಗಳ ಕೆಳಗೆ ಮೂರನೆಯದನ್ನು ಬರೆದು ಕೊಟ್ಟಿದ್ದೇನೆ: ಅಲೆಯಲಾರದೆ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ ಆಟೊದವರಿಗೆ ಆ ಒಪ್ಪಿಗೆ ವಾಪಸ್ ಪಡೆಯಲು ಅವಕಾಶ ಕೊಡಬೇಕಾ?