ಮನೆಯಂಗಳದಲ್ಲಿ ಗರಿಕೆಯ ಹಾಸು: ಭರಣಿಯಿಂದ ಮೃಗಶಿರದವರೆಗೆ

ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶ ಮುಗಿದ ಮರುವಾರವೇ ಅಂಗಳ ಹಸಿರಾಗಬೇಕೆಂದು ಬಯಸುತ್ತಾರೆ. ಮೈಸೂರಿನ ನಮ್ಮ ಮನೆಯ ಮುಂದೆ ನಾನೂ ಮೊದಲ ಸಲ ಅದೇ ಆತುರದಲ್ಲಿ ನಾಲ್ಕು ಇಂಚು ಮಣ್ಣು ಕೆದಕಿ ಬೀಜ ಚೆಲ್ಲಿದ್ದೆ. ಒಂದೂವರೆ ತಿಂಗಳಿಗೆ ಗರಿಕೆಗಿಂತ ಜೇಕೇ ಹೆಚ್ಚಾಗಿತ್ತು. ಬಿತ್ತನೆಗೆ ಒಂದು ದಿನ ಸಾಕು, ನೆಲಕ್ಕೆ ಆರು ವಾರ ಬೇಕು ಎಂಬ ಲೆಕ್ಕವನ್ನು ಅಂದಿನಿಂದ ನಾನು ಬಿಟ್ಟಿಲ್ಲ.

ಬೀಜದಿಂದ ಬೆಳೆಸುವುದಾದರೆ ನಮ್ಮ ಕಡೆಗೆ ಗರಿಕೆಯೇ ಸರಿ. ನರ್ಸರಿಯವರು ಮೆಕ್ಸಿಕನ್ ಹುಲ್ಲೆಂದು ಮಾರುವುದನ್ನು ಚಾಪೆಯಂತೆ ಹಾಸಬೇಕು ಅಥವಾ ತುಂಡು ಮಾಡಿ ನಾಟಿ ಮಾಡಬೇಕು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳದ ಕಡೆ, ಉದಾಹರಣೆಗೆ ಮಾವಿನ ಮರದ ಬುಡದಲ್ಲಿ, ಗರಿಕೆಯ ಆಸೆಯನ್ನೇ ಬಿಡುವುದು ಒಳ್ಳೆಯದು.

ಏಪ್ರಿಲ್ ಕೊನೆಗೆ ಭರಣಿ ಮಳೆ ಬಿದ್ದು ಮಣ್ಣು ಹದಕ್ಕೆ ಬಂದೊಡನೆ ಒಂಬತ್ತು ಇಂಚು ಆಳಕ್ಕೆ ಅಗೆಸಬೇಕು. ಕಟ್ಟಡದವರು ಬಿಟ್ಟುಹೋದ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಗಾರೆಯ ಉಂಡೆಗಳೆಲ್ಲ ಆಗಲೇ ಹೊರಬರುತ್ತವೆ. ಇವನ್ನು ಮಣ್ಣಿನಡಿ ಮುಚ್ಚಿಬಿಡಿ ಎನ್ನುವ ಕೂಲಿಯವರ ಸಲಹೆಗೆ ಕಿವಿಗೊಡಬೇಡಿ. ಅವು ಇದ್ದ ಜಾಗದಲ್ಲೇ ಬೇಸಿಗೆಯಲ್ಲಿ ಹುಲ್ಲು ಮೊದಲು ಒಣಗುತ್ತದೆ. ಬಳಿಕ ಒಂದು ಇಂಚು ದಪ್ಪಕ್ಕೆ ಕೊಟ್ಟಿಗೆ ಗೊಬ್ಬರ ಹರಡಿ ಬೆರೆಸಬೇಕು. 10 ಅಡಿಗೆ 20 ಅಡಿಯ ಅಂಗಳಕ್ಕೆ ಸಿಮೆಂಟ್ ಚೀಲದ ಅಳತೆಯಲ್ಲಿ 13–14 ಚೀಲ ಹಿಡಿಯುತ್ತದೆ. ಗೊಬ್ಬರ ಚೆನ್ನಾಗಿ ಕಳಿತು, ಮೂಸಿದರೆ ಸಗಣಿಯ ವಾಸನೆ ಬಾರದಂತಿರಬೇಕು. ಹಸಿ ಗೊಬ್ಬರದ ಜೊತೆಗೆ ಕಳೆಯ ಬೀಜವೂ ಬೇರು ತಿನ್ನುವ ಗೊಣ್ಣೆಹುಳುವೂ ಬರುತ್ತವೆ.

ಇಷ್ಟಾದ ಮೇಲೆ ಬಿತ್ತದೆ ಸುಮ್ಮನೆ ನೀರು ಹಾಯಿಸಿ ಕಾಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಹತ್ತು ಹನ್ನೆರಡು ದಿನಗಳಲ್ಲಿ ಪಾರ್ಥೇನಿಯಂ, ಜೇಕು ಎಲ್ಲವೂ ತಲೆ ಎತ್ತುತ್ತವೆ. ಜೇಕನ್ನು ಕೈಯಿಂದ ಎಳೆದರೆ ಎಲೆ ಮಾತ್ರ ಕಿತ್ತು ಬರುತ್ತದೆ. ಸಣ್ಣ ಗುದ್ದಲಿಯಿಂದ ಸುತ್ತ ಬಿಡಿಸಿ ನೋಡಿದರೆ ಕಡಲೆಕಾಯಿ ಬೀಜದಷ್ಟು ದಪ್ಪದ ಕಪ್ಪು ಗೆಡ್ಡೆ ಸಿಗುತ್ತದೆ. ಅದರಿಂದ ದಾರದಂತಹ ಬಳ್ಳಿ ಹೊರಟು ಇನ್ನೊಂದು ಗೆಡ್ಡೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿರುತ್ತದೆ. ಆ ದಾರ ಕಡಿಯದಂತೆ ಸರವನ್ನೇ ಎತ್ತಬೇಕು, ಎತ್ತಿದ್ದನ್ನು ಗೊಬ್ಬರದ ಗುಂಡಿಗೆ ಹಾಕದೆ ಬಿಸಿಲಿಗೆ ಒಣಗಿಸಿ ಸುಡಬೇಕು. ಕೃತ್ತಿಕೆ ಮಳೆಯ ನಂತರ ಇನ್ನೊಮ್ಮೆ ಹೀಗೆಯೇ ಮಾಡಿದರೆ ಮುಂದಿನ ವರ್ಷಗಳಲ್ಲಿ ಸೊಂಟಕ್ಕೆ ಬಹಳಷ್ಟು ಬಿಡುವು ಸಿಗುತ್ತದೆ.

ನಂತರ ಹೆಂಟೆ ಒಡೆದು, ಉದ್ದನೆಯ ಹಲಗೆಯನ್ನು ಎಳೆದು ನೆಲವನ್ನು ಸಮ ಮಾಡಬೇಕು. ಗೋಡೆಯಿಂದ ಹೊರಕ್ಕೆ 10 ಅಡಿಗೆ ಒಂದೂಕಾಲು ಇಂಚಿನಷ್ಟು ಇಳಿಜಾರಿರಲಿ. ನಡೆದರೆ ಹಿಮ್ಮಡಿ ಅರ್ಧ ಇಂಚಿಗಿಂತ ಹೆಚ್ಚು ಹೂತರೆ ಮಣ್ಣು ಇನ್ನೂ ಸಡಿಲವಾಗಿದೆಯೆಂದೇ ಅರ್ಥ.

ಗುಡುಗಿನ ಮಳೆಯ ಆರ್ಭಟ ತಗ್ಗಿ ಮೃಗಶಿರ ಹಿಡಿದ ಮೇಲೆ, ಅಂದರೆ ಜೂನ್ 8ರ ನಂತರ ಬಿತ್ತುವುದು ಲೇಸು. ಜೋರು ಮಳೆಗೆ ಈ ಬೀಜ ತೇಲಿ ಒಂದೇ ಮೂಲೆಗೆ ಸೇರುತ್ತದೆ. ಮೇಲೆ ಹೇಳಿದ ಅಂಗಳಕ್ಕೆ 150 ಗ್ರಾಂ ಬೀಜ ಸಾಕು. ಅದು ರಾಗಿಗಿಂತಲೂ ಸಣ್ಣದಾದ್ದರಿಂದ ಐದು ಪಾಲು ಒಣ ಮರಳಿನೊಂದಿಗೆ ಬೆರೆಸಿ, ಅರ್ಧವನ್ನು ಪೂರ್ವ ಪಶ್ಚಿಮವಾಗಿಯೂ ಉಳಿದರ್ಧವನ್ನು ಉತ್ತರ ದಕ್ಷಿಣವಾಗಿಯೂ ನಡೆಯುತ್ತಾ ಚೆಲ್ಲಬೇಕು. ಮೇಲೆ ಜರಡಿ ಹಿಡಿದ ಮಣ್ಣನ್ನು ಬೀಜ ಮರೆಯಾಗುವಷ್ಟೇ ಉದುರಿಸಿ ಹಲಗೆಯಿಂದ ಒತ್ತಬೇಕು. ಕಾಲು ಇಂಚಿಗಿಂತ ಕೆಳಗೆ ಹೋದ ಬೀಜ ಮೇಲೇಳುವುದು ಕಷ್ಟ.

ಇರುವೆಗಳ ಗೂಡನ್ನು ಮುಂಚೆಯೇ ಹುಡುಕಿ ಕುದಿಯುವ ನೀರು ಸುರಿಯದಿದ್ದರೆ ಬೀಜವೆಲ್ಲ ಸಾಲುಗಟ್ಟಿ ಕಾಂಪೌಂಡ್ ದಾಟುವುದನ್ನು ನೋಡುತ್ತಾ ಕೂರಬೇಕಾಗುತ್ತದೆ. ಒದ್ದೆ ಗೋಣಿತಾಟನ್ನು ಹೊದಿಸಿ ಅದರ ಮೇಲೆ ಬೆಳಿಗ್ಗೆ ಸಂಜೆ ರೋಸ್ ಕ್ಯಾನಿನಿಂದ ನೀರು ಚಿಮುಕಿಸಿ, ಪೈಪಿನ ಧಾರೆ ಬೇಡ. ಏಳನೆಯ ದಿನದಿಂದ ತಾಟಿನ ಅಂಚನ್ನು ಎತ್ತಿ ನೋಡುತ್ತಿದ್ದು, ಸೂಜಿಯಂತಹ ಮೊಳಕೆ ಕಂಡ ದಿನವೇ ಸಂಜೆ ತೆಗೆದುಬಿಡಬೇಕು. ಒಂದೆರಡು ದಿನ ತಡವಾದರೂ ಮೊಳಕೆ ಗೋಣಿಯ ಎಳೆಯೊಳಗೆ ಸಿಕ್ಕಿಕೊಂಡು ತಾಟಿನ ಜೊತೆಗೇ ಕಿತ್ತು ಬರುತ್ತದೆ. ಹುಲ್ಲು ಎರಡು ಇಂಚು ಬೆಳೆದಾಗ ಮಣ್ಣು ಒಣಗಿರುವ ಹೊತ್ತು ನೋಡಿ, ಹರಿತವಾದ ಕತ್ತರಿಯಿಂದ ತುದಿಯ ಮೂರನೆಯ ಒಂದು ಪಾಲನ್ನು ಮಾತ್ರ ಕತ್ತರಿಸಬೇಕು. ಅಲ್ಲಿಯವರೆಗೆ ಮೊಮ್ಮಕ್ಕಳನ್ನು ಹಿತ್ತಲಿನಲ್ಲಿಯೇ ಆಡಲು ಬಿಡಿ.